ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷಿನಲ್ಲಿ ಡಿಸರ್ಟೇಶನ್ ಬರೆಯುವವರು ಎಡವುವುದು ಎಲ್ಲಿ?

ಡೊಂಬಿವಲಿ, ಎಂ.ಎ. ವಿದ್ಯಾರ್ಥಿನಿ

ಎಲ್ಲರಿಗೂ ನಮಸ್ಕಾರ. ನಾನು ವಿಜಯಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿ, ಒಂದನೆಯ ತರಗತಿಯಿಂದ ಬಿ.ಎ. ಮುಗಿಯುವವರೆಗೂ ಕನ್ನಡ ಮಾಧ್ಯಮದಲ್ಲೇ ಓದಿ, ಮದುವೆಯಾದ ಮೇಲೆ ಮುಂಬಯಿಗೆ ಬಂದವಳು. ಈಗ ಸಮಾಜಶಾಸ್ತ್ರದಲ್ಲಿ ಎಂ.ಎ. ಎರಡನೆಯ ವರ್ಷ ಓದುತ್ತಿದ್ದೇನೆ. ಹೋಟೆಲುಗಳಲ್ಲಿ ದುಡಿಯುತ್ತ ಈ ನಗರದ ಕನ್ನಡ ರಾತ್ರಿಶಾಲೆಗಳಲ್ಲಿ ಕಲಿತ ಹಿರಿಯರನ್ನು ಮನೆಮನೆಗೆ ಹೋಗಿ ಮಾತನಾಡಿಸಿ, ಅವರ ಬದುಕಿನ ಮೇಲೆ ಡಿಸರ್ಟೇಶನ್ ಬರೆಯುವುದು ನಾನೇ ಆರಿಸಿಕೊಂಡ ವಿಷಯ. ಸಂದರ್ಶನಗಳೆಲ್ಲ ಕನ್ನಡದಲ್ಲಿ, ತುಳುವಿನಲ್ಲಿ ನಡೆದವು. ಬರೆಯಬೇಕಾದದ್ದು ಮಾತ್ರ ಇಂಗ್ಲಿಷಿನಲ್ಲಿ.

ಮೊದಲ ಅಧ್ಯಾಯದ ಕರಡು ತಿರುಗಿ ಬಂದಾಗ ಮೇಲ್ಗಡೆ ‘ಪೂರ್ ಇಂಗ್ಲಿಷ್, ರೀರೈಟ್’ ಎಂಬ ಮೂರು ಪದಗಳಿದ್ದವು. ಒಳಗಿನ ಇಪ್ಪತ್ತು ಪುಟಗಳಲ್ಲಿ ಒಂದು ಗೆರೆಯೂ ಇರಲಿಲ್ಲ. ವ್ಯಾಕರಣದ ಪುಸ್ತಕ ತಂದು ಎರಡು ತಿಂಗಳು ಓದಿದೆ. ಡೊಂಬಿವಲಿಯಿಂದ ದಾದರಿಗೆ ಹೋಗುವ ಸ್ಲೋ ಲೋಕಲ್‌ನಲ್ಲಿ ಜಾಗ ಸಿಕ್ಕಿದ ದಿನಗಳಲ್ಲೆಲ್ಲ ಫೋನಿನಲ್ಲೇ ಒಂದೊಂದು ವಾಕ್ಯವನ್ನು ತಿದ್ದಿದೆ, ವ್ಯಾಕರಣ ತಿದ್ದುವ ಗ್ರಾಮರ್ಲಿ ತಂತ್ರಾಂಶದಲ್ಲಿ ಹಾಕಿ ಕೆಂಪು ಗೆರೆಗಳೆಲ್ಲ ಅಳಿಯುವವರೆಗೂ ಬಿಡಲಿಲ್ಲ. ಎರಡನೆಯ ಸಲ ಬಂದ ಟಿಪ್ಪಣಿ: ‘ಸ್ಟಿಲ್ ನಾಟ್ ಅಕಡೆಮಿಕ್’. ತಪ್ಪಿಲ್ಲದ ಇಂಗ್ಲಿಷ್ ಕೂಡ ಅಕಡೆಮಿಕ್ ಅಲ್ಲವೆಂದಾದರೆ, ಅದು ಏನು ಎಂದು ದಯವಿಟ್ಟು ತಿಳಿದವರು ಹೇಳಿ. ಅಧ್ಯಾಯದ ಮೊದಲ ವಾಕ್ಯ ಹೀಗಿದೆ: ‘ನೈಟ್ ಸ್ಕೂಲ್ಸ್ ಕಂಪ್ಲೀಟ್ಲಿ ಚೇಂಜ್ಡ್ ದಿ ಲೈವ್ಸ್ ಆಫ್ ಕನ್ನಡ ಹೋಟೆಲ್ ವರ್ಕರ್ಸ್ ಇನ್ ಮುಂಬಯಿ.’ ಇದರಲ್ಲಿ ತಪ್ಪೇನು?

ಪುಣೆ, ಇಂಗ್ಲಿಷ್ ಅಧ್ಯಾಪಕ

ನಿಮ್ಮ ವಾಕ್ಯದಲ್ಲಿ ವ್ಯಾಕರಣದ ತಪ್ಪಿಲ್ಲ. ಪುಣೆಯಲ್ಲಿ ಹದಿನೆಂಟು ವರ್ಷಗಳಿಂದ ಸ್ನಾತಕೋತ್ತರ ವಿದ್ಯಾರ್ಥಿಗಳ ಬರವಣಿಗೆಯನ್ನು ಓದುತ್ತಿರುವ ನನಗೆ, ಮರಾಠಿಯಿಂದ ಬಂದವರು ಮತ್ತು ಕನ್ನಡದಿಂದ ಬಂದವರು ಎಲ್ಲಿ ತಡವರಿಸುತ್ತಾರೆ ಎಂಬುದು ಒಂದಿಷ್ಟು ಗೊತ್ತಿದೆ. ಮೊದಲು ಸಣ್ಣ ವಿಷಯಗಳನ್ನು ಹೇಳಿ, ಆಮೇಲೆ ನಿಮ್ಮ ವಾಕ್ಯಕ್ಕೆ ಬರುತ್ತೇನೆ.

ಕನ್ನಡದಲ್ಲಿ ಇಂಗ್ಲಿಷಿನ ‘ದಿ’ಯಂಥ ಪದ ಇಲ್ಲ. ಆದರೆ ಆ ತಿಳಿವಳಿಕೆ ನಮ್ಮಲ್ಲಿ ಇಲ್ಲವೆಂದಲ್ಲ. ‘ಪುಸ್ತಕ ತಂದೆ’ ಎಂದರೆ ಯಾವುದೋ ಒಂದು ಪುಸ್ತಕ. ‘ಪುಸ್ತಕವನ್ನು ತಂದೆ’ ಎಂದರೆ ಯಾವ ಪುಸ್ತಕವೆಂದು ಕೇಳುವವನಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ. ಎರಡನೆಯ ವಿಭಕ್ತಿಯನ್ನು ಎಲ್ಲಿ ಹಾಕುತ್ತೇವೆ, ಎಲ್ಲಿ ಬಿಡುತ್ತೇವೆ ಎಂಬುದನ್ನು ಗಮನಿಸುವ ಕನ್ನಡಿಗನಿಗೆ ‘ದಿ’ಯನ್ನು ಅರ್ಧಕ್ಕರ್ಧ ಕಲಿಸಿದಂತೆಯೇ. ಇದನ್ನು ನಾನು ಯಾವ ವ್ಯಾಕರಣ ಪುಸ್ತಕದಿಂದಲೂ ಕಲಿಯಲಿಲ್ಲ, ಧಾರವಾಡದ ಕಡೆಯ ಒಬ್ಬ ವಿದ್ಯಾರ್ಥಿಗೆ ವಿವರಿಸಲು ಹೆಣಗಾಡುವಾಗ ಹೊಳೆಯಿತು.

ಎರಡನೆಯದು ಕ್ರಿಯಾಪದದ ಜಾಗ. ಕನ್ನಡದ ಓದುಗ ವಾಕ್ಯದ ಕೊನೆಯವರೆಗೆ ಕ್ರಿಯಾಪದಕ್ಕಾಗಿ ತಾಳ್ಮೆಯಿಂದ ಕಾಯುತ್ತಾನೆ. ಇಂಗ್ಲಿಷಿನ ಓದುಗನಿಗೆ ಆ ತಾಳ್ಮೆಯ ಅಭ್ಯಾಸವಿಲ್ಲ. ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ನಾಲ್ಕು ಸಾಲು ತುಂಬಿದರೆ ಅವನು ದಾರಿ ತಪ್ಪುತ್ತಾನೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು, ಅದನ್ನು ವ್ಯಾಕರಣವೆಂದು ಯಾರೂ ಕರೆಯುವುದಿಲ್ಲ. ‘ಮಳೆ ಬಂದು ಬೆಳೆ ಹಾಳಾಯಿತು’ ಎನ್ನುತ್ತೇವೆ. ಇಲ್ಲಿ ‘ಬಂದು’ ಎಂದರೆ ಬಂದ ಮೇಲೆ ಎಂದೇ, ಬಂದದ್ದರಿಂದ ಎಂದೇ? ಕೇಳುವವನು ಪ್ರಪಂಚಜ್ಞಾನದಿಂದ ತಾನೇ ತಿಳಿದುಕೊಳ್ಳುತ್ತಾನೆ, ವಾಕ್ಯ ಅದನ್ನು ಬಿಡಿಸಿ ಹೇಳುವುದಿಲ್ಲ. ಇಂಗ್ಲಿಷಿನ ಸಂಶೋಧನಾ ಬರವಣಿಗೆ ಇದನ್ನು ಓದುಗನಿಗೆ ಬಿಡಲು ಒಪ್ಪುವುದಿಲ್ಲ: ‘ಆಫ್ಟರ್’ ಎನ್ನಬೇಕು ಅಥವಾ ‘ಬಿಕಾಸ್’ ಎನ್ನಬೇಕು, ‘ಬಿಕಾಸ್’ ಎಂದ ಕೂಡಲೇ ಆಧಾರ ಕೊಡಬೇಕು. ನಿಮ್ಮ ಹಿರಿಯರು ‘ರಾತ್ರಿಶಾಲೆಗೆ ಹೋಗಿ ಬ್ಯಾಂಕಿನ ನೌಕರಿ ಹಿಡಿದೆ’ ಎಂದಿರುತ್ತಾರೆ. ಆ ‘ಹೋಗಿ’ಯನ್ನು ನೀವು ‘ಚೇಂಜ್ಡ್’ ಎಂದು ಬರೆದಿದ್ದೀರಿ. ಮೇಲಾಗಿ ‘ಕಂಪ್ಲೀಟ್ಲಿ’ ಎಂದಿದ್ದೀರಿ. ಕರಡು ನೋಡಿದವರು ಅಕಡೆಮಿಕ್ ಅಲ್ಲವೆಂದದ್ದು ಬಹುಶಃ ಇದಕ್ಕೆ. ಅದನ್ನು ಅವರು ಬಿಡಿಸಿ ಹೇಳಬೇಕಿತ್ತು ಎಂಬ ನಿಮ್ಮ ನೋವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ‘ಪೂರ್ ಇಂಗ್ಲಿಷ್’ ಎಂದು ಬರೆಯಲು ಐದು ಸೆಕೆಂಡು ಸಾಕು, ಒಂದು ಪ್ಯಾರಾವನ್ನು ಕೂತು ತಿದ್ದಲು ಅರ್ಧ ಗಂಟೆ ಬೇಕು.

ಥಾಣೆ, ಎಂ.ಟೆಕ್.

ನನ್ನ ಅಭಿಪ್ರಾಯ ಬೇರೆ. ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿಗೆ ತರುವುದೇ ಈ ತೊಂದರೆಗಳ ಮೂಲ. ನಾನೂ ಕನ್ನಡ ಮಾಧ್ಯಮದವನೇ. ಮೊದಲ ದಿನದಿಂದಲೇ ಇಂಗ್ಲಿಷಿನಲ್ಲೇ ಟಿಪ್ಪಣಿ, ಇಂಗ್ಲಿಷಿನಲ್ಲೇ ಯೋಚನೆ ಎಂದು ಹಟ ಹಿಡಿದೆ, ಒಂದು ವರ್ಷದಲ್ಲಿ ಸರಿಹೋಯಿತು. ಕನ್ನಡದ ಮೇಲಿನ ಪ್ರೀತಿ ಬೇರೆ, ಡಿಗ್ರಿಯ ಕೆಲಸ ಬೇರೆ.

ವಾಸ್ಕೊ, ಸಂಶೋಧಕ

ಎಂ.ಟೆಕ್. ಸಹೋದರರ ಮಾತು ಅವರ ವಿಷಯಕ್ಕೆ ಸಲ್ಲಬಹುದು. ನಾನು ಗೋವಾದಲ್ಲಿ ನದೀಮುಖದ ಕೆಸರಿನ ರಸಾಯನವನ್ನು ಅಭ್ಯಸಿಸುತ್ತೇನೆ. ಮಾಂಡವಿಯಿಂದ ಕೆಸರು ತೆಗೆದದ್ದು, ಒಣಗಿಸಿದ್ದು, ಜರಡಿ ಹಿಡಿದದ್ದು ಇವನ್ನೆಲ್ಲ ‘ಸ್ಯಾಂಪಲ್ಸ್ ವರ್ ಕಲೆಕ್ಟೆಡ್’ ಎಂಬ ಅಚ್ಚಿನಲ್ಲಿ ಹಾಕಿ ಬರೆಯಲು ನನಗೆ ಮೂರು ತಿಂಗಳೂ ಬೇಕಾಗಲಿಲ್ಲ. ವಿಧಾನದ ಭಾಗ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ತರಹ ಇರುತ್ತದೆ. ಚರ್ಚೆಯ ಭಾಗಕ್ಕೆ ಬಂದಾಗ ಕೈ ನಿಂತಿತು. ಕಬ್ಬಿಣದ ಅಂಶ ಹೆಚ್ಚಾಗಲು ಅದಿರಿನ ಗಣಿಗಾರಿಕೆ ಕಾರಣವೇ, ಅಥವಾ ಇಲ್ಲಿನ ಜಂಬಿಟ್ಟಿಗೆ ಮಣ್ಣಿನಲ್ಲೇ ಕಬ್ಬಿಣ ಹೆಚ್ಚಿರುವುದು ಕಾರಣವೇ ಎಂದು ಹೇಳಬೇಕಾದಾಗ, ಇಂಗ್ಲಿಷಿನಲ್ಲಿ ಯೋಚಿಸಲು ಹೋದರೆ ಓದಿದ ಲೇಖನಗಳ ವಾಕ್ಯಗಳೇ ತಲೆಯಲ್ಲಿ ಸುಳಿಯುತ್ತಿದ್ದವು. ನನ್ನ ಮಾತು ಯಾವುದು ಎಂಬುದೇ ಸಿಗುತ್ತಿರಲಿಲ್ಲ.

ಅದರ ಫಲವನ್ನೂ ಅನುಭವಿಸಿದೆ. ಮೊದಲ ಕರಡನ್ನು, ಬೇರೆಯವರ ಬರವಣಿಗೆಗೆ ಎಷ್ಟು ಹೋಲುತ್ತದೆ ಎಂದು ನೋಡುವ ಸಾಮ್ಯತೆಯ ತಪಾಸಣೆಗೆ ಹಾಕಿದಾಗ ಬಂದ ಸಂಖ್ಯೆಯನ್ನು ನೋಡಿ ರಾತ್ರಿ ನಿದ್ದೆ ಬರಲಿಲ್ಲ. ಕದಿಯುವ ಉದ್ದೇಶ ನನಗೆ ಎಳ್ಳಷ್ಟೂ ಇರಲಿಲ್ಲ. ಬೇರೆಯವರ ವಾಕ್ಯವನ್ನು ಮುಂದಿಟ್ಟುಕೊಂಡು, ‘ಇನ್‌ಕ್ರೀಸ್’ ಇದ್ದಲ್ಲಿ ‘ರೈಸ್’ ಹಾಕಿ, ‘ಶೋ’ ಇದ್ದಲ್ಲಿ ‘ಇಂಡಿಕೇಟ್’ ಹಾಕಿ, ಅದನ್ನೇ ಸ್ವಂತ ಬರವಣಿಗೆ ಎಂದುಕೊಂಡಿದ್ದೆ. ಇದಕ್ಕೆ ‘ಪ್ಯಾಚ್‌ರೈಟಿಂಗ್’ ಎಂಬ ಹೆಸರಿದೆ. ಭಾಷೆಯನ್ನು ಇನ್ನೂ ಕಲಿಯುತ್ತಿರುವ ಬರಹಗಾರ ಹಾದುಹೋಗುವ ಒಂದು ಹಂತ ಇದು ಎಂದು ಬರವಣಿಗೆಯ ಶಿಕ್ಷಣದಲ್ಲಿ ತೊಡಗಿದವರು ವಾದಿಸಿದ್ದಾರೆ ಎಂಬುದು ನನಗೆ ಬಹಳ ತಡವಾಗಿ ಗೊತ್ತಾಯಿತು.

ಆದರೆ ನಿಯಮಕ್ಕೆ ಉದ್ದೇಶ ಕಾಣಿಸುವುದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಲ್ಲಿ ಶೇ. 10ರವರೆಗಿನ ಸಾಮ್ಯತೆಗೆ ದಂಡನೆಯಿಲ್ಲ. ಶೇ. 10ರಿಂದ 40ರವರೆಗೆ ಇದ್ದರೆ 6 ತಿಂಗಳು ಮೀರದ ಗಡುವಿನಲ್ಲಿ ತಿದ್ದಿ ಮತ್ತೆ ಸಲ್ಲಿಸಬೇಕು, 40ರಿಂದ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರತಿಯನ್ನು ಸಲ್ಲಿಸುವಂತಿಲ್ಲ, 60ನ್ನು ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಆಧಾರ ಕೊಟ್ಟ ಉದ್ಧರಣೆ, ಗ್ರಂಥಸೂಚಿ, ಸಾಮಾನ್ಯ ಪಾರಿಭಾಷಿಕ ಪದಗಳನ್ನು ಈ ಲೆಕ್ಕದಿಂದ ಹೊರಗಿಡಬೇಕು. ಸಾಮಾನ್ಯ ತಿಳಿವಳಿಕೆಯ ಅಥವಾ ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳವರೆಗೂ ವಿನಾಯಿತಿಯಿದೆ. ಇದನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ಬರೆಯಲು ಕೂರುವ ಮೊದಲೇ ತಿಳಿದಿರಬೇಕು. ನನಗೆ ತಿಳಿಸಿದವರು ಯಾರೂ ಇರಲಿಲ್ಲ.

ನನ್ನನ್ನು ಪಾರುಮಾಡಿದ್ದು ಕನ್ನಡವೇ. ಲೇಖನವನ್ನು ಓದಿ, ಮುಚ್ಚಿಟ್ಟು, ಅದರಲ್ಲಿ ಏನಿತ್ತು ಎಂದು ಇನ್ನೊಂದು ಕೋಣೆಯಲ್ಲಿ ಕೂತು ಕನ್ನಡದಲ್ಲಿ ನಾಲ್ಕು ಸಾಲು ಬರೆಯುತ್ತೇನೆ. ಮರುದಿನ ಆ ನಾಲ್ಕು ಸಾಲನ್ನಷ್ಟೇ ನೋಡಿ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಮೂಲದ ವಾಕ್ಯ ನನ್ನ ಕೈಗೆ ಅಂಟುವ ದಾರಿಯೇ ಇರುವುದಿಲ್ಲ. ಅರ್ಥವಾಗದ ಲೇಖನವಾದರೆ ಕನ್ನಡದ ನಾಲ್ಕು ಸಾಲೂ ಹುಟ್ಟುವುದಿಲ್ಲ, ಆಗ ತಿರುಗಿ ಓದಬೇಕು ಎಂದು ಗೊತ್ತಾಗುತ್ತದೆ.

ಪುಣೆ, ಇಂಗ್ಲಿಷ್ ಅಧ್ಯಾಪಕ

ಇದಕ್ಕೆ ಒಂದು ತಿದ್ದುಪಡಿ. ಇಡೀ ಅಧ್ಯಾಯವನ್ನು ಕನ್ನಡದಲ್ಲಿ ಬರೆದು, ಆಮೇಲೆ ವಾಕ್ಯಕ್ಕೆ ವಾಕ್ಯ ಇಂಗ್ಲಿಷಿಗೆ ಇಳಿಸುವವರಿದ್ದಾರೆ. ಅದು ಬೇಡ. ಆಗ ಇಂಗ್ಲಿಷ್ ಪದಗಳ ಕೆಳಗೆ ಕನ್ನಡದ ವಾಕ್ಯವೇ ಮಲಗಿರುತ್ತದೆ, ಓದುವವನಿಗೆ ಎರಡೂ ದಕ್ಕುವುದಿಲ್ಲ. ವಾಸ್ಕೊದವರು ಮಾಡುತ್ತಿರುವುದು ಅದಲ್ಲ. ಕನ್ನಡದಲ್ಲಿ ವಾದದ ಎಲುಬನ್ನು ಮಾತ್ರ ಬರೆದುಕೊಂಡು, ಮಾಂಸವನ್ನು ಇಂಗ್ಲಿಷಿನಲ್ಲೇ ತುಂಬುತ್ತಾರೆ. ಇದು ಸರಿಯಾದ ದಾರಿ. ಥಾಣೆಯವರಿಗೂ ಒಂದು ಮಾತು: ನಿಮ್ಮ ವಿಷಯದ ಪರಿಭಾಷೆಯೆಲ್ಲ ನಿಮಗೆ ಇಂಗ್ಲಿಷಿನಲ್ಲೇ ಪರಿಚಯವಾದದ್ದು, ಆದ್ದರಿಂದ ಯೋಚನೆಯೂ ಅಲ್ಲೇ ನಡೆಯಿತು. ರಾತ್ರಿಶಾಲೆಯ ಹಿರಿಯರ ನೆನಪುಗಳು ಹುಟ್ಟಿದ್ದೇ ಕನ್ನಡದಲ್ಲಿ, ತುಳುವಿನಲ್ಲಿ. ಆ ಸಾಮಗ್ರಿಯ ಬಗ್ಗೆ ಇಂಗ್ಲಿಷಿನಲ್ಲಿ ಯೋಚಿಸು ಎಂದು ಈ ವಿದ್ಯಾರ್ಥಿನಿಗೆ ಹೇಳಿದರೆ, ಕೈಯಲ್ಲಿರುವುದನ್ನು ಕೆಳಗಿಟ್ಟು ಬಾ ಎಂದ ಹಾಗಾಗುತ್ತದೆ.

ಪದಸಂಪತ್ತಿನ ಬಗ್ಗೆ ಕೆಲವರು ನನಗೆ ಖಾಸಗಿಯಾಗಿ ಕೇಳಿದ್ದಾರೆ. ಅವೆರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಶೈಕ್ಷಣಿಕ ಪದಪಟ್ಟಿಯಲ್ಲಿ 570 ಪದಕುಟುಂಬಗಳಿವೆ (ಒಂದೇ ಮೂಲದ ಪದಗಳ ಗುಂಪುಗಳು), ಅಂತರ್ಜಾಲದಲ್ಲಿ ಸುಲಭವಾಗಿ ಸಿಗುತ್ತದೆ. ಪಟ್ಟಿಯನ್ನು ಬಾಯಿಪಾಠ ಮಾಡಬೇಡಿ. ಓದುವ ಲೇಖನದಲ್ಲಿ ಆ ಪದ ಯಾವ ಪದದ ಪಕ್ಕದಲ್ಲಿ ಕೂತಿದೆ ಎಂದು ಗುರುತು ಹಾಕಿ. ಪ್ರತಿ ಪ್ಯಾರಾದ ತಲೆಗೂ ‘ಮೊರೋವರ್’ ಎಂಬ ಪೇಟ ತೊಡಿಸುವುದರಿಂದ ವಾದ ಮುಂದೆ ಸಾಗುವುದಿಲ್ಲ.

ಮಾಟುಂಗ, ನಿವೃತ್ತ ಪ್ರಾಧ್ಯಾಪಕಿ

ಮುಂಬಯಿಯಲ್ಲಿ ಮೂರು ದಶಕ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ಕರಡುಗಳ ಮೇಲೆ ಮೂರು ಪದ ಗೀಚಿ ಕಳಿಸಿದ ಪಾಪದಲ್ಲಿ ನನ್ನ ಪಾಲೂ ಇದೆ. ಅದಕ್ಕಾಗಿ ಇವತ್ತಿಗೂ ವ್ಯಥೆಪಡುತ್ತೇನೆ. ಆದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಭಾರತದಲ್ಲಿ ಇಂಗ್ಲಿಷ್ ವಿದೇಶಿ ಭಾಷೆಯಲ್ಲ, ಎರಡನೆಯ ಭಾಷೆ ಎಂದು ನಮಗೆ ಕಲಿಸಿದ್ದರು. ಭಾಷಾವಿಜ್ಞಾನಿ ಬ್ರಜ್ ಕಾಚ್ರು 1985ರಲ್ಲಿ ಇಂಗ್ಲಿಷಿನ ಜಗತ್ತನ್ನು ಮೂರು ವೃತ್ತಗಳಾಗಿ ವಿಂಗಡಿಸಿ, ನಮ್ಮನ್ನು ನಡುವಿನ ವೃತ್ತದಲ್ಲಿ ಇಟ್ಟರು. ದೇಶದ ಮಟ್ಟಿಗೆ ಅದು ಸರಿ. ಆದರೆ ವಿಜಯಪುರದ ಹಳ್ಳಿಯಲ್ಲಿ ವಾರಕ್ಕೆ ಕೆಲವು ಪಿರಿಯಡ್ ಬಿಟ್ಟರೆ ಇಂಗ್ಲಿಷ್ ಕಿವಿಗೇ ಬೀಳದೆ ಬೆಳೆದ ಹುಡುಗಿಗೆ ಅದು ವಿದೇಶಿ ಭಾಷೆಯೇ ಸರಿ. ಒಂದೇ ತರಗತಿಯಲ್ಲಿ, ಒಂದೇ ಬೆಂಚಿನಲ್ಲಿ, ಈ ಎರಡು ಬಗೆಯವರೂ ಕೂತಿರುತ್ತಾರೆ. ಇಬ್ಬರ ಕರಡಿನ ಮೇಲೂ ಒಂದೇ ಟಿಪ್ಪಣಿ ಬೀಳುತ್ತದೆ.

ಇನ್ನು ನಮ್ಮ ಪರೀಕ್ಷೆಗಳು. ಪಠ್ಯಪುಸ್ತಕದ ಮಾತನ್ನು ಅಕ್ಷರ ಬಿಡದೆ ಬರೆದವನಿಗೆ ಹದಿನೈದು ವರ್ಷ ಪೂರ್ಣ ಅಂಕ ಕೊಟ್ಟು, ಹದಿನಾರನೆಯ ವರ್ಷ ಅದನ್ನೇ ಕೃತಿಚೌರ್ಯ ಎನ್ನುತ್ತೇವೆ. ಗೈಡಿನ ಉತ್ತರವನ್ನು ಕಂಠಪಾಠ ಮಾಡಿದ್ದು ಆ ಮಕ್ಕಳ ದೃಷ್ಟಿಯಲ್ಲಿ ಶ್ರದ್ಧೆಯ ಗುರುತು, ಅದನ್ನು ಶ್ರದ್ಧೆ ಎಂದು ಮೆಚ್ಚಿದವರೂ ನಾವೇ. ವಾಸ್ಕೊದವರ ನಿದ್ದೆಗೆಟ್ಟ ರಾತ್ರಿಯ ಹೊಣೆ ಅವರೊಬ್ಬರದ್ದಲ್ಲ.

ನನ್ನ ಮುಖ್ಯ ಮಾತು ಇದು. ಅಮೆರಿಕದ ಭಾಷಾವಿಜ್ಞಾನಿ ರಾಬರ್ಟ್ ಕಪ್ಲಾನ್ 1966ರಲ್ಲಿ, ಇಂಗ್ಲಿಷ್ ಪ್ಯಾರಾ ನೇರ ಗೆರೆಯಂತೆ ಸಾಗುತ್ತದೆ, ಪೂರ್ವದೇಶದವರದ್ದು ಸುತ್ತಿ ಸುತ್ತಿ ಬರುತ್ತದೆ ಎಂದು ಚಿತ್ರ ಬರೆದು ತೋರಿಸಿದರು. ಅದಕ್ಕೆ ಆಮೇಲೆ ಸಾಕಷ್ಟು ಟೀಕೆ ಬಂತು. ಆದರೂ ‘ನಿಮ್ಮ ಭಾಷೆಯಲ್ಲೇ ನೇರವಾದ ವಾದವಿಲ್ಲ’ ಎಂಬ ಭಾವನೆ ನಮ್ಮ ಅಧ್ಯಾಪಕರಲ್ಲಿ ಇನ್ನೂ ಉಳಿದಿದೆ. ಇದನ್ನು ನಾನು ಒಪ್ಪುವುದಿಲ್ಲ. ಮುಂಬಯಿಯಲ್ಲಿ ತಾಳಮದ್ದಲೆ (ಯಕ್ಷಗಾನದ ಪ್ರಸಂಗವನ್ನು ಕೂತು ಮಾತಿನಲ್ಲೇ ನಡೆಸುವ ಕಲೆ) ಕೇಳಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಸಂಧಾನದ ಪ್ರಸಂಗದಲ್ಲಿ ಕೌರವನ ಮಾತನ್ನಾಡುವ ಅರ್ಥಧಾರಿ ಮೊದಲು ಎದುರಾಳಿ ಹೇಳಿದ್ದನ್ನು ಸರಿಯಾಗಿ ಎತ್ತಿಕೊಳ್ಳುತ್ತಾನೆ, ‘ನೀನು ಇಂತಿಂಥ ಕಾರಣಕ್ಕೆ ಅರ್ಧರಾಜ್ಯ ಕೊಡು ಎನ್ನುತ್ತೀಯೆ’ ಎಂದು. ಆಮೇಲೆ ಆ ಕಾರಣಗಳಲ್ಲಿ ಸಡಿಲವಾದದ್ದನ್ನು ಹುಡುಕುತ್ತಾನೆ. ಕೊನೆಗೆ ತನ್ನ ಮಾತನ್ನು ಅಲ್ಲಿ ನಿಲ್ಲಿಸುತ್ತಾನೆ. ಎದುರಾಳಿಯ ಮಾತನ್ನು ತಪ್ಪಾಗಿ ಎತ್ತಿಕೊಂಡ ಅರ್ಥಧಾರಿಯನ್ನು ಸಭೆಯಲ್ಲಿ ಕೂತ ಹೋಟೆಲಿನ ಮಾಣಿಯೂ ಗುರುತಿಸಬಲ್ಲ. ನಮ್ಮ ಶಾಸ್ತ್ರಗಳು ಇದನ್ನೇ ಪೂರ್ವಪಕ್ಷ, ಸಿದ್ಧಾಂತ ಎಂದವು.

ಜಾನ್ ಸ್ವೇಲ್ಸ್ ಎಂಬ ವಿದ್ವಾಂಸರು ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಅಭ್ಯಸಿಸಿ, 1990ರಲ್ಲಿ ವಿವರಿಸಿದ ಮಾದರಿಯಲ್ಲೂ ಮೂರೇ ನಡೆಗಳಿವೆ: ಕ್ಷೇತ್ರವನ್ನು ತೋರಿಸುವುದು, ಅದರಲ್ಲಿ ಉಳಿದ ತೆರಪನ್ನು ಗುರುತಿಸುವುದು, ಆ ತೆರಪಿನಲ್ಲಿ ತಾನು ನಿಲ್ಲುವುದು. ತಾಳಮದ್ದಲೆಯೂ ಇದೂ ಒಂದೇ ಎಂದು ನಾನು ಹೇಳುತ್ತಿಲ್ಲ; ಅರ್ಥಧಾರಿಗೆ ಪುಟಸಂಖ್ಯೆ ಕೊಡುವ ಹೊಣೆಯಿಲ್ಲ, ಸಂಶೋಧಕಿಗಿದೆ. ಆದರೆ ಬೇರೆಯವರ ಮಾತಿಗೂ ತನ್ನ ಮಾತಿಗೂ ನಡುವಿನ ಗೆರೆಯನ್ನು ಸಭೆಗೆ ಕಾಣುವಂತೆ ಎಳೆಯುವ ವಿದ್ಯೆ ಕನ್ನಡದವರಿಗೆ ಹೊಸದಲ್ಲ. ಅದನ್ನು ಇಂಗ್ಲಿಷ್ ತರಗತಿಯ ಬಾಗಿಲಲ್ಲಿ ಬಿಟ್ಟು ಬರಬೇಕೆಂದು ನಮಗೆ ಹೇಳಿಕೊಟ್ಟದ್ದೇ ತಪ್ಪಾಯಿತು.

ಮಗಳೇ, ನಿನ್ನ ವಾಕ್ಯವನ್ನು ‘ಯಾರು ಹೇಳಿದರು’ ಎಂಬ ಪ್ರಶ್ನೆ ಕೇಳಿಕೊಂಡು ಮತ್ತೆ ಬರೆ. ಕನ್ನಡದಲ್ಲಿ ನಾವು ಕಂಡದ್ದನ್ನು ‘ಬಂದರು’ ಎನ್ನುತ್ತೇವೆ, ಕೇಳಿದ್ದನ್ನು ‘ಬಂದರಂತೆ’ ಎನ್ನುತ್ತೇವೆ, ಊಹಿಸಿದ್ದನ್ನು ‘ಬಂದಿರಬಹುದು’ ಎನ್ನುತ್ತೇವೆ. ಅಜ್ಜಿಯಂದಿರೂ ಇದರಲ್ಲಿ ಎಡವುವುದಿಲ್ಲ. ಇಂಗ್ಲಿಷಿನ ‘ಮೇ’, ‘ಸಜೆಸ್ಟ್’, ‘ರಿಪೋರ್ಟ್’ ಮಾಡುವ ಕೆಲಸ ಅದೇ.

ಪಿಂಪ್ರಿ, ಪಿಎಚ್.ಡಿ. ವಿದ್ಯಾರ್ಥಿ

ಇಷ್ಟೆಲ್ಲ ಶ್ರಮ ಯಾಕೆ, ಚಾಟ್‌ಜಿಪಿಟಿಗೆ ಕೊಟ್ಟರೆ ನಿಮಿಷದಲ್ಲಿ ಅಕಡೆಮಿಕ್ ಮಾಡಿಕೊಡುತ್ತದೆ ಎಂದು ನನ್ನ ಗೆಳೆಯರು ಹೇಳುತ್ತಾರೆ. ನಾನು ಪ್ರಯತ್ನಿಸಿ ನೋಡಿದ್ದೇನೆ. ಅದು ನನ್ನ ವಾಕ್ಯವನ್ನು ನುಣುಪು ಮಾಡಿತು, ಜೊತೆಗೆ ನಾನು ಬೇಕೆಂದೇ ‘ಕೆಲವರು’ ಎಂದು ಬರೆದದ್ದನ್ನು ‘ಹಲವರು’ ಎಂಬ ಅರ್ಥಕ್ಕೆ ಬದಲಿಸಿಬಿಟ್ಟಿತ್ತು. ನಾನು ಗಮನಿಸಿದ್ದು ಮೂರನೆಯ ಓದಿನಲ್ಲಿ. ಆ ಸೂಕ್ಷ್ಮವನ್ನು ಹಿಡಿಯುವಷ್ಟು ಇಂಗ್ಲಿಷ್ ಇಲ್ಲದವನು ಅದನ್ನು ಹಾಗೆಯೇ ಸಲ್ಲಿಸಿರುತ್ತಾನೆ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಉತ್ತರ ಹೇಳಬೇಕಾದವನೂ ಅವನೇ.

ಡೊಂಬಿವಲಿ, ಎಂ.ಎ. ವಿದ್ಯಾರ್ಥಿನಿ

ಎಲ್ಲರ ಮಾತನ್ನೂ ನೋಟುಪುಸ್ತಕದಲ್ಲಿ ಬರೆದುಕೊಂಡಿದ್ದೇನೆ. ‘ಅಂತೆ’ಯ ಮಾತು ಓದಿದಾಗ ಕಣ್ಣು ತುಂಬಿತು, ನನಗೆ ಗೊತ್ತಿದ್ದದ್ದನ್ನೇ ಯಾರೋ ನನಗೆ ಮರಳಿ ಕೊಟ್ಟ ಹಾಗಾಯಿತು. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೀಗೆ ಬರೆದುಕೊಂಡೆ: ‘ನಾನು ಮಾತನಾಡಿಸಿದವರಲ್ಲಿ ಹೆಚ್ಚಿನವರು, ರಾತ್ರಿಶಾಲೆಯ ಪ್ರಮಾಣಪತ್ರದಿಂದಲೇ ಹೋಟೆಲಿನ ಕೆಲಸ ಬಿಟ್ಟು ಬೇರೆ ನೌಕರಿಗೆ ಹೋಗಲು ಸಾಧ್ಯವಾಯಿತು ಎನ್ನುತ್ತಾರೆ.’ ಇಂಗ್ಲಿಷಿನಲ್ಲಿ ‘ಮೋಸ್ಟ್ ಆಫ್ ದಿ ಫಾರ್ಮರ್ ಸ್ಟುಡೆಂಟ್ಸ್ ಐ ಇಂಟರ್‌ವ್ಯೂಡ್ ರಿಪೋರ್ಟೆಡ್’ ಎಂದು ಆರಂಭಿಸಿದ್ದೇನೆ.

ಮಾಟುಂಗ, ನಿವೃತ್ತ ಪ್ರಾಧ್ಯಾಪಕಿ

ಬಹಳ ಚೆನ್ನಾಗಿದೆ. ಈಗ ‘ದಿ’ ಕೂಡ ಸರಿಯಾದ ಜಾಗದಲ್ಲಿ ಬಂದಿದೆ ನೋಡು, ಯಾವ ವಿದ್ಯಾರ್ಥಿಗಳು ಎಂಬುದನ್ನು ನೀನೇ ಹೇಳಿದ್ದೀಯೆ. ಇನ್ನೊಂದೇ ಪ್ರಶ್ನೆ. ‘ಮೋಸ್ಟ್’ ಎಂದರೆ ಎಷ್ಟು ಮಂದಿ? ಎಣಿಸಿದ್ದೀಯಾ?

ಡೊಂಬಿವಲಿ, ಎಂ.ಎ. ವಿದ್ಯಾರ್ಥಿನಿ

ಎಣಿಸಿರಲಿಲ್ಲ. ಎರಡು ರಾತ್ರಿ ಕೂತು ಎಲ್ಲ ಸಂದರ್ಶನಗಳನ್ನೂ ಮೊದಲಿನಿಂದ ಕೇಳಿದೆ. ‘ಶಾಲೆಗೆ ಹೋಗಿ ನೌಕರಿ ಹಿಡಿದೆ’ ಎಂದವರು ಬಹಳ ಮಂದಿ ಇದ್ದಾರೆ. ಆದರೆ ಪ್ರಮಾಣಪತ್ರದಿಂದಲೇ ಎಂದು ಸ್ಪಷ್ಟವಾಗಿ ಹೇಳಿದವರು ಅರ್ಧದಷ್ಟೂ ಇಲ್ಲ. ಉಳಿದವರಲ್ಲಿ ಹಲವರು ಹೇಳಿದ್ದು, ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವನು ತನ್ನ ಆಫೀಸಿನಲ್ಲಿ ಜಾಗ ಖಾಲಿಯಿದೆ ಎಂದು ತಿಳಿಸಿದ್ದರಿಂದ ಕೆಲಸ ಸಿಕ್ಕಿತು ಎಂದು. ಒಬ್ಬರಂತೂ ಪರೀಕ್ಷೆಗೆ ಕೂರಲೇ ಇಲ್ಲ, ಆದರೂ ‘ಶಾಲೆಯೇ ನನ್ನನ್ನು ದಡ ಸೇರಿಸಿತು’ ಎನ್ನುತ್ತಾರೆ. ಅದನ್ನು ನಾನು ಭಾವುಕ ಮಾತು ಎಂದು ಬಿಟ್ಟುಬಿಟ್ಟಿದ್ದೆ.

ಹಾಗಾದರೆ ನನ್ನ ಅಧ್ಯಾಯ ಪ್ರಮಾಣಪತ್ರದ ಬಗ್ಗೆ ಅಲ್ಲ, ಬೆಂಚಿನ ಬಗ್ಗೆ. ಮೊದಲ ವಾಕ್ಯವನ್ನು ಅಳಿಸಿದ್ದೇನೆ. ಸಂದರ್ಶನದ ಹಾಳೆಗಳಲ್ಲಿ ‘ಹೋಗಿ’ ಬಂದಲ್ಲೆಲ್ಲ ಈಗ ಪೆನ್ಸಿಲಿನಿಂದ ಸುತ್ತು ಹಾಕುತ್ತಿದ್ದೇನೆ. ಪರೀಕ್ಷೆಗೆ ಕೂರದ ಆ ಹಿರಿಯರನ್ನು ಭಾನುವಾರ ಇನ್ನೊಮ್ಮೆ ಕಂಡು, ಅವರ ಪಕ್ಕದಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿಕೊಂಡು ಬರುತ್ತೇನೆ.